ಸೇಬಿನ ಕೆಳಗಿದ್ದ ಹಕ್ಕಿ

ಆ ಚಿತ್ರ ಹಳೆಯ ಕಲಾಕೃತಿಗಳನ್ನು ಸರಿಪಡಿಸುವ ನಮ್ಮ ಸ್ಟುಡಿಯೊಗೆ ಬಂದದ್ದು ಕೋವಿಡ್‌ನ ಲಾಕ್‌ಡೌನ್ ಚಳಿಗಾಲದಲ್ಲಿ, ಒಂದು ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ, ಕಂಬಳಿಗಳ ನಡುವೆ. ಕಾರು ಓಡಿಸಿಕೊಂಡು ಬಂದವರು ಒಬ್ಬ ಸಿಸ್ಟರ್. ಸ್ಯಾಂಟ್ರಿ ಎಂಬ ಐರಿಷ್ ಊರಿನ ಆ ಬಿಸಿನೆಸ್ ಪಾರ್ಕಿನಲ್ಲಿ ಅಂದು ತೆರೆದಿದ್ದದ್ದು ನಮ್ಮ ಬಾಗಿಲೊಂದೇ. ಸಿಸ್ಟರ್ ಕಾರಿನ ಹಿಂಬಾಗಿಲು ತೆರೆದಿಟ್ಟು, ನಿಯಮದಂತೆ ದೂರ ಸರಿದು ನಿಂತರು. ನಾನು ಫೋನಿನಲ್ಲಿದ್ದ ಹೆಂಡತಿಗೆ, "ಆಮೇಲೆ ಮಾಡ್ತೀನಿ, ಕೆಲಸ ಬಂತು" ಎಂದು ಹೇಳಿ ಇಟ್ಟೆ.

"ನೀವು ಕನ್ನಡದವರಾ ಮಾರಾಯ್ರೆ?" ಎಂದರು ಸಿಸ್ಟರ್, ಮಾಸ್ಕಿನೊಳಗಿನಿಂದ.

ಅವರು ಮಂಗಳೂರಿನ ಕಡೆಯ ಸನ್ಯಾಸಿನಿ. ನರ್ಸ್ ಆಗಿ ಬಂದು, ಡ್ರೋಹೆಡಾದ ಹತ್ತಿರ ಸನ್ಯಾಸಿನಿಯರು ವಾಸಿಸುವ ಒಂದು ಕಾನ್ವೆಂಟಿನಲ್ಲಿ ವಯಸ್ಸಾದ ಐರಿಷ್ ಸಿಸ್ಟರ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಕಾನ್ವೆಂಟಿನ ಮುಖ್ಯಸ್ಥೆ ಮದರ್ ಅವರೇ ಕೋವಿಡ್ ಹಿಡಿದು ಮಲಗಿದ್ದರಿಂದ ಈಗ ಮನೆಯ ಹೊಣೆಯೆಲ್ಲ ಇವರ ಮೇಲೆ ಬಿದ್ದಿತ್ತು. ಗಾಳಿಯಾಡಲೆಂದು ಹಗಲೆಲ್ಲ ಕಿಟಕಿ ತೆರೆದಿಡುತ್ತಿದ್ದರು, ಮುದುಕಿಯರಿಗೆ ಚಳಿಯಾಗಬಾರದೆಂದು ಹೀಟಿಂಗ್ ಜೋರು ಮಾಡುತ್ತಿದ್ದರು. ಮನುಷ್ಯರಿಗೆ ಅದು ಬೇಕಿತ್ತು. ಆದರೆ ಗೋಡೆಯ ಮೇಲಿದ್ದ ಹಳೆಯ ಮರದ ಹಲಗೆ ಒಮ್ಮೆ ಒಣಗಿ, ಒಮ್ಮೆ ಒದ್ದೆಯಾಗಿ ಬಾಗತೊಡಗಿತ್ತು. ಹಲಗೆ ಬಾಗಿದಂತೆ ಅದರ ಮೇಲಿನ ಬಣ್ಣ ಚಕ್ಕೆಯೆದ್ದಿತ್ತು.

"ಕೆಳಗೆ ನೀಲಿ ಚೂರು ಬಿದ್ದಿತ್ತು. ಗುಡಿಸಿ ಬಿಸಾಡ್ಲಿಲ್ಲ, ಲಕೋಟೆಯಲ್ಲಿ ಹಾಕಿ ತಂದಿದ್ದೇನೆ. ಆಗ್ತದಾ ಅದು?" ಎಂದು ಕೇಳಿದರು.

ಆಗುತ್ತದೆ ಎಂದೆ. ಅಷ್ಟು ಹೊತ್ತಿಗೆ ನಾನು ಹಲಗೆಯನ್ನು ಒಳಗೊಯ್ದು ಮೇಜಿನ ಮೇಲೆ ಅಂಗಾತ ಮಲಗಿಸಿದ್ದೆ. ಬಣ್ಣ ಏಳುತ್ತಿರುವ ಚಿತ್ರವನ್ನು ನಿಲ್ಲಿಸಿ ಇಡಬಾರದು.

ಎರಡು ಗೇಣು ಎತ್ತರದ ಪಾಪ್ಲರ್ ಮರದ ಹಲಗೆ. ಇಟಲಿಯಲ್ಲಿ, ರಿನೈಸಾನ್ಸ್ ಕಾಲದಲ್ಲಿ, ಹೆಸರಿಲ್ಲದ ಯಾವನೋ ಕಲಾವಿದ ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಬರೆದದ್ದು. ನೀಲಿ ಸೆರಗಿನ ದೇವಮಾತೆ, ತೊಡೆಯ ಮೇಲೆ ಬೆತ್ತಲೆ ಮಗು ಏಸು. ಮಗುವಿನ ಕೊರಳಲ್ಲಿ ಕೆಂಪು ಹವಳದ ಸರ. ಮುಷ್ಟಿಯಲ್ಲಿ ಒಂದು ಸೇಬು. ಸಂರಕ್ಷಣೆಯ ವಿದ್ಯೆ ಕಲಿಯಲೆಂದು ಈ ದೇಶಕ್ಕೆ ಬಂದ ಹೊಸದರಲ್ಲಿ ಇಂಥ ಚಿತ್ರಗಳು ನನಗೆ ಒಂದೇ ಥರ ಕಾಣುತ್ತಿದ್ದವು. ಮೊದಲು ಹತ್ತಿರವಾದದ್ದು ಆ ಹವಳದ ಸರ. ಇಟಲಿಯ ತಾಯಂದಿರು ಮಗುವಿಗೆ ಕಣ್ಣು ತಾಗದಿರಲೆಂದು ಹವಳ ಕಟ್ಟುತ್ತಿದ್ದರು ಎಂದು ಪಾಠದಲ್ಲಿ ಕೇಳಿದಾಗ, ನಮ್ಮ ಅಜ್ಜಿ ಕೂಸುಗಳ ಕೆನ್ನೆಗೆ ಇಡುತ್ತಿದ್ದ ದೃಷ್ಟಿಬೊಟ್ಟು ನೆನಪಾಗಿತ್ತು. ಸೇಬು ಎಂದರೆ ಮೊದಲ ಹೆಂಗಸು ತಿಂದ ಹಣ್ಣು, ಲೋಕಕ್ಕೆ ಸಾವನ್ನು ತಂದ ಹಣ್ಣು. ಈ ಮಗು ಅದನ್ನು ಕೈಗೆ ತೆಗೆದುಕೊಂಡಿದೆ ಎಂದರೆ ಆ ಪಾಪವನ್ನು ತಾನೇ ಹೊರುತ್ತದೆ ಎಂದರ್ಥ. ಇದೆಲ್ಲ ನನಗೆ ಬಾಯಿಪಾಠ ಆಗಿತ್ತು.

ಸ್ಟುಡಿಯೊ ನನ್ನದಲ್ಲ. ಅದರ ಒಡತಿ, ನನಗೆ ಕೆಲಸ ಕಲಿಸಿದ ಹಿರಿಯ ಐರಿಷ್ ಹೆಂಗಸು. ಶ್ವಾಸಕೋಶದ ತೊಂದರೆ ಇದ್ದದ್ದರಿಂದ ಅವರು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಲ್ಯಾಪ್‌ಟಾಪನ್ನು ಒಂದು ಸ್ಟೂಲಿನ ಮೇಲಿಟ್ಟು, ಕ್ಯಾಮೆರಾವನ್ನು ಮೇಜಿಗೆ ತಿರುಗಿಸಿದರೆ ಅವರು ಮನೆಯಿಂದಲೇ ನನ್ನ ಕೈಗಳನ್ನು ನೋಡುತ್ತಿದ್ದರು.

ಮೊದಲ ಕೆಲಸ ಬಣ್ಣ ಉಳಿಸುವುದು. ಮೀನಿನ ಅಂಟನ್ನು ನೀರಿನಲ್ಲಿ ನೆನೆಸಿ, ಕುದಿಯದ ಹಾಗೆ ಬೆಚ್ಚಗೆ ಕರಗಿಸಿ, ತೆಳುವಾದ ಜಪಾನಿ ಕಾಗದದ ಮೇಲಿಂದ ಕುಂಚದಲ್ಲಿ ಸವರಬೇಕು. ಅಂಟು ಕಾಗದದ ಮೂಲಕ ಇಳಿದು ಚಕ್ಕೆಯ ಅಡಿಗೆ ಹೋಗುತ್ತದೆ. ಚಕ್ಕೆ ಮೆತ್ತಗಾಗುವವರೆಗೆ ಕಾದು, ಬಿಸಿ ಮಾಡಿದ ಚಪ್ಪಟೆ ಸ್ಪಾಚುಲಾದಿಂದ ಒತ್ತಿ ಕೂರಿಸಬೇಕು. ಒಂದು ಹೆಬ್ಬೆರಳಿನಷ್ಟು ಜಾಗ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಅವಸರ ಮಾಡಿದರೆ ಚಕ್ಕೆ ಒಡೆಯುತ್ತದೆ. ನಾನು ಅವಸರ ಮಾಡಲಿಲ್ಲ, ಆದರೂ ಒಂದು ಮಧ್ಯಾಹ್ನ ಕಾಗದ ಬಿಡಿಸುವಾಗ ತಾಯಿಯ ಹೆಗಲಿನ ನೀಲಿಯ ಒಂದು ಚೂರು ಕಾಗದದ ಜೊತೆಗೇ ಎದ್ದು ಬಂತು. ಸ್ಯಾನಿಟೈಸರ್ ಹಚ್ಚಿ ಹಚ್ಚಿ ನನ್ನ ಬೆರಳ ತುದಿಗಳು ಬಿರಿದು, ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಆ ಚೂರನ್ನು ತಿರುಗಿ ಅದರ ಜಾಗದಲ್ಲಿ ಕೂರಿಸುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು.

"ಇವತ್ತಿಗೆ ಸಾಕು. ಇನ್ನು ನಿನ್ನ ಕೈ ನಂಬಬೇಡ," ಎಂದರು ಸ್ಕ್ರೀನಿನಲ್ಲಿ ಒಡತಿ.

ಮನೆಗೆ ಹೋದರೆ ಮನೆ ಖಾಲಿ. ನನ್ನ ಹೆಂಡತಿ ಡ್ರೋಹೆಡಾದ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಆ ವಾರಗಳಲ್ಲಿ ವೆಂಟಿಲೇಟರ್ ವಾರ್ಡಿನಲ್ಲೇ ಅವಳ ಕೆಲಸ. ನನಗೆ ಸೋಂಕು ತರಬಾರದೆಂದು ಆಸ್ಪತ್ರೆಯ ಬಳಿಯೇ ಒಂದು ರೂಮಿನಲ್ಲಿದ್ದಳು. ನಾವು ಫೋನಿನಲ್ಲಿ ಸಂಸಾರ ಮಾಡುತ್ತಿದ್ದೆವು.

ಬಣ್ಣ ಗಟ್ಟಿಯಾದ ಮೇಲೆ ಕೊಳೆ ತೆಗೆಯುವ ಕೆಲಸ. ಅದಕ್ಕೆ ಮುಂಚೆ ದೀಪಗಳನ್ನೆಲ್ಲ ಆರಿಸಿ ಯುವಿ ದೀಪದಲ್ಲಿ ಚಿತ್ರ ನೋಡುತ್ತೇವೆ. ಹಳೆಯ ವಾರ್ನಿಶ್ ಮಂಕು ಹಸಿರಾಗಿ ಹೊಳೆಯುತ್ತದೆ. ಅದರ ಮೇಲೆ ಆಮೇಲೆ ಯಾರಾದರೂ ಬಣ್ಣ ಹಚ್ಚಿದ್ದರೆ ಅಲ್ಲಿ ಕಪ್ಪು ಕಾಣುತ್ತದೆ. ತಾಯಿ, ಮಗು, ಸರ ಎಲ್ಲ ಹಸಿರು ಮಂಜಿನಲ್ಲಿ ತೇಲಿದವು. ಸೇಬು ಮಾತ್ರ ಇದ್ದಿಲಿನ ಹಾಗೆ ಕಪ್ಪಾಗಿ ಕೂತಿತ್ತು.

ಒಡತಿ ಸ್ಕ್ರೀನಿಗೆ ಮುಖ ಹತ್ತಿರ ತಂದರು. ಆಮೇಲೆ, "ಇನ್ಫ್ರಾರೆಡ್ ಕ್ಯಾಮೆರಾ ತಗೋ," ಎಂದರು.

ಮೇಲಿನ ಬಣ್ಣವನ್ನು ದಾಟಿ ಕೆಳಗಿನ ಕರಿಗೆರೆಗಳನ್ನು ತೋರಿಸುವ ಹಳೆಯ ಕ್ಯಾಮೆರಾ ಒಂದು ನಮ್ಮಲ್ಲಿತ್ತು. ಅದರಲ್ಲಿ ಸೇಬಿನ ಕೆಳಗೆ ಕಂಡದ್ದು ಒಂದು ಬಾಲ, ಒಂದು ಮಡಿಸಿದ ರೆಕ್ಕೆ. ಅದರ ಮುಂದೆ, ತಲೆ ಇರಬೇಕಾದ ಕಡೆ, ಏನೂ ಬಿಡಿಸದ ಕಪ್ಪು ಗೊಂದಲ. ಎಕ್ಸ್‌ರೇ ತೆಗೆಸೋಣವೆಂದರೆ ಆ ಸೌಕರ್ಯವಿದ್ದ ಮ್ಯೂಸಿಯಂ ಮುಚ್ಚಿತ್ತು.

"ಗೋಲ್ಡ್‌ಫಿಂಚ್," ಎಂದರು ಒಡತಿ. ಅವರ ದನಿಯಲ್ಲಿ ಬಹಳ ದಿನಗಳ ಮೇಲೆ ಉಸಿರು ತುಂಬಿತ್ತು. ಈ ಹಕ್ಕಿ ಇಲ್ಲಿನ ಬೇಲಿಗಳಲ್ಲೂ ಕಾಣಸಿಗುತ್ತದೆ. ಗುಬ್ಬಿಗಿಂತ ಚಿಕ್ಕದು, ಮುಖದಲ್ಲಿ ಕೆಂಪು, ರೆಕ್ಕೆಯಲ್ಲಿ ಹಳದಿ ಪಟ್ಟೆ. ಮುಳ್ಳುಗಿಡದ ಬೀಜ ತಿಂದು ಬದುಕುತ್ತದೆ. ಶಿಲುಬೆಗೆ ಹೋಗುವ ದಾರಿಯಲ್ಲಿ ಈ ಹಕ್ಕಿ ಏಸುವಿನ ಹಣೆಯಿಂದ ಮುಳ್ಳು ಕಿತ್ತಾಗ ರಕ್ತ ಸಿಡಿದು ಅದರ ಮುಖ ಕೆಂಪಾಯಿತೆಂದು ಕಥೆ. ಹಾಗಾಗಿ ಆ ಹಕ್ಕಿಯನ್ನು ಮಗುವಿನ ಕೈಗೆ ಕೊಟ್ಟರೆ, ಮುಂದೆ ಆ ಮಗುವಿಗೆ ಆಗುವುದನ್ನೆಲ್ಲ ಹೇಳಿದ ಹಾಗೆ. ಒಡತಿ ಇನ್ನೂ ಒಂದು ಸಂಗತಿ ಹೇಳಿದರು. ಪ್ಲೇಗಿನ ಕಾಲದಲ್ಲಿ ಇದನ್ನು ಕಾಯುವ ಹಕ್ಕಿ ಎಂದೂ ನಂಬುತ್ತಿದ್ದರಂತೆ. ರೋಗಿಯ ಹಾಸಿಗೆಯ ಬಳಿ ತಂದಾಗ ಹಕ್ಕಿ ರೋಗಿಯ ಕಡೆ ನೋಡಿದರೆ ಅವನು ಬದುಕುತ್ತಾನೆ, ಮುಖ ತಿರುಗಿಸಿದರೆ ಇಲ್ಲ, ಎನ್ನುವ ಇನ್ನೂ ಹಳೆಯ ನಂಬಿಕೆಯೊಂದು ಇದಕ್ಕೆ ಬಂದು ಅಂಟಿಕೊಂಡಿತ್ತಂತೆ.

ಸೇಬನ್ನು ತೆಗೆಯಬೇಕಾದರೆ ಕಾನ್ವೆಂಟಿನ ಒಪ್ಪಿಗೆ ಬೇಕು. ಸಿಸ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪ್ಲೇಗಿನ ಮಾತನ್ನೂ ಹೇಳಿದೆ.

"ನಿನ್ನೆ ನಮ್ಮಲ್ಲಿ ಒಬ್ಬರು ಹೋದ್ರು. ಮಣ್ಣು ಮಾಡ್ಲಿಕ್ಕೆ ನಾವು ನಾಲ್ಕೇ ಜನ," ಎಂದರು. ಆಮೇಲೆ ಕೇಳಿದರು, "ಹಾಗಾದ್ರೆ ನಮ್ಮ ಹಕ್ಕಿ ಯಾವ ಕಡೆ ನೋಡ್ತಾ ಉಂಟು?"

"ಇನ್ನೂ ಗೊತ್ತಿಲ್ಲ ಸಿಸ್ಟರ್. ತಲೆ ಕಾಣ್ತಿಲ್ಲ."

"ತೆಗೀರಿ. ಮದರ್‌ಗೆ ನಾನು ಹೇಳ್ತೇನೆ. ಇಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದಾರೆ, ಮೊದಲು ಶಾಲೆಯಲ್ಲಿ ಹಾಡು ಕಲಿಸ್ತಿದ್ರು. ಈಗ ಆಕ್ಸಿಜನ್ ಮೇಲಿದ್ದಾರೆ, ಆಸ್ಪತ್ರೆಗೆ ಹೋಗುದಿಲ್ಲ ಅಂತ ಹಟ. ದಿನಾ ಆ ಚಿತ್ರ ಎಲ್ಲಿ ಅಂತ ಕೇಳ್ತಾರೆ. ಹಕ್ಕಿ ಸಿಕ್ಕಿದೆ ಅಂತ ಹೇಳ್ತೇನೆ ಅವರಿಗೆ."

ಮಾರನೆಯ ದಿನವೇ ಮದರ್ ಒಪ್ಪಿಗೆ ಕೊಟ್ಟರು. ಆದರೂ ಆ ನಂಬಿಕೆಯ ಮಾತನ್ನು ಹೇಳಬಾರದಿತ್ತೇನೋ ಅನ್ನಿಸಿತು.

ಸೇಬಿನ ಬಣ್ಣ ಎಣ್ಣೆಯದು, ಶತಮಾನಗಟ್ಟಲೆ ಒಣಗಿ ಕಲ್ಲಾಗಿತ್ತು. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದರೆ ಜಗ್ಗಲಿಲ್ಲ. ದ್ರಾವಕವನ್ನು ಗಂಜಿಯಷ್ಟು ಗಟ್ಟಿ ಜೆಲ್ ಮಾಡಿ, ಅಕ್ಕಿಕಾಳಿನಷ್ಟು ಜಾಗಕ್ಕೆ ಹಚ್ಚಿ, ಮೆತ್ತಗಾದದ್ದನ್ನು ಮೈಕ್ರೋಸ್ಕೋಪಿನ ಕೆಳಗೆ ಸ್ಕಾಲ್ಪೆಲ್ ಅಲಗಿನಿಂದ ಎತ್ತುತ್ತಾ ಹೋದೆ. ಬಾಲದ ಕಡೆಯಿಂದ ಶುರು ಮಾಡಿದೆ. ಕೆಂಪಿನ ಅಡಿಯಿಂದ ಮೊದಲು ಕಂದು ಬಂತು, ಆಮೇಲೆ ಕಪ್ಪು, ಆಮೇಲೆ ಒಂದು ಗೆರೆ ಹಳದಿ. ಅಷ್ಟು ಶತಮಾನ ಬೆಳಕು ಕಂಡಿರದ ಹಳದಿ, ಆಗ ತಾನೇ ಹಚ್ಚಿದ ಹಾಗಿತ್ತು. ಅದರ ಫೋಟೊ ತೆಗೆದು ಸಿಸ್ಟರಿಗೆ ಕಳಿಸಿದೆ. ಉತ್ತರವಾಗಿ ಬಂದದ್ದು ಒಂದೇ ಪ್ರಶ್ನೆ: ಮುಖ?

ಮುಖದ ಕಡೆಗೆ ಹೋಗಲು ಇನ್ನೂ ಹಲವು ದಿನ ಬೇಕಾದವು. ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕಿದ್ದರಿಂದ ಕೋಟು ಹಾಕಿಕೊಂಡೇ ಕೂರುತ್ತಿದ್ದೆ. ಕೊರಳು, ಹೆಗಲು ಮರಗಟ್ಟುತ್ತಿದ್ದವು. ರೆಕ್ಕೆಯ ಬುಡ ದಾಟಿ ಹಕ್ಕಿಯ ಕತ್ತಿಗೆ ಬಂದಾಗ ಅಲಗಿನ ತುದಿಗೆ ಬೇರೆಯದೇ ಏನೋ ತಾಗಿತು. ಕರಕರ ಎಂದಿತು. ಕೆಂಪಿನ ಕೆಳಗೆ ಬಣ್ಣವಿರಲಿಲ್ಲ. ಬಣ್ಣಕ್ಕೆ ತಳವಾಗಿ ಹಚ್ಚಿದ್ದ ಸುಣ್ಣದ ಪದರ ಬೊಬ್ಬೆಯೆದ್ದು ಸುಟ್ಟಿತ್ತು, ಅದರ ಕೆಳಗೆ ಕರಿಬಿದ್ದ ಮರ. ಯಾವುದೋ ಕಾಲದಲ್ಲಿ, ಯಾವುದೋ ಪೀಠದ ಮೇಲೆ, ಒಂದು ಮೇಣದಬತ್ತಿ ಚಿತ್ರಕ್ಕೆ ತೀರ ಹತ್ತಿರ ಉರಿದಿತ್ತು. ಹಕ್ಕಿಯ ತಲೆ ಪೂರ್ತಿ ಹೋಗಿತ್ತು. ಹಾಳಾದ ಜಾಗ ಮುಚ್ಚಲು ಯಾರೋ ಅದರ ಮೇಲೆ ಒಂದು ದುಂಡು ಸೇಬು ಬರೆದಿದ್ದರು. ಕೈಯಲ್ಲಿ ಹಿಡಿಯಲು ಅರ್ಥವುಳ್ಳ ವಸ್ತುವೇ ಆಯಿತು, ಸುಟ್ಟ ಕಲೆಯೂ ಮುಚ್ಚಿತು. ಕೆಲಸ ತಿಳಿದವನೇ ಅವನು.

ನಾನು ಅಲಗು ಕೆಳಗಿಟ್ಟೆ. ಸೇಬು ಮುಕ್ಕಾಲು ಹೋಗಿತ್ತು. ತೆಗೆದದ್ದನ್ನು ತಿರುಗಿ ಹಾಕುವ ದಾರಿ ನಮ್ಮ ಕೆಲಸದಲ್ಲಿಲ್ಲ.

ಒಡತಿ ಚಿತ್ರದ ಮೇಲೆ ಕ್ಯಾಮೆರಾ ಅತ್ತಿತ್ತ ಆಡಿಸಲು ಹೇಳಿ ಬಹಳ ಹೊತ್ತು ನೋಡಿದರು. "ತಲೆ ಬರೆದುಬಿಡು," ಎಂದರು ಕೊನೆಗೆ. "ಜಲವರ್ಣದಲ್ಲಿ. ನಾಳೆ ಬೇಡ ಅಂದರೆ ಒದ್ದೆ ಹತ್ತಿಯಲ್ಲಿ ಅಳಿಸಬಹುದು. ಇದೇ ಬಗೆಯ ಬೇರೆ ಚಿತ್ರಗಳಿವೆ. ಎಷ್ಟೋ ಕಡೆ ಹಕ್ಕಿ ಮಗುವನ್ನೇ ನೋಡ್ತಿರುತ್ತೆ."

"ಎಲ್ಲ ಕಡೆ?"

"ಇಲ್ಲ. ಎಲ್ಲ ಕಡೆ ಅಲ್ಲ," ಎಂದು ಒಪ್ಪಿಕೊಂಡರು. "ಆದರೆ ಇದು ಮ್ಯೂಸಿಯಂ ಅಲ್ಲ, ಪ್ರಾರ್ಥನೆಯ ಚಿತ್ರ. ತಲೆಯಿಲ್ಲದ ಹಕ್ಕಿಯನ್ನು ಮಗುವಿನ ಕೈಲಿ ಕೊಟ್ಟು ಕಾಯಿಲೆಯವರ ಮುಂದೆ ಇಡ್ತೀಯಾ? ನಿರ್ಧಾರ ನಿನ್ನದು. ಹಲಗೆಯ ಮುಂದೆ ಕೂತಿರೋದು ನೀನು."

ಪಾರದರ್ಶಕ ಹಾಳೆಯೊಂದನ್ನು ಚಿತ್ರದ ಮೇಲೆ ಹಾಸಿ, ಅದರ ಮೇಲೆ ತಲೆ ಬರೆದು ನೋಡಿದೆ. ಮಗುವಿನ ಕಡೆ ತಿರುಗಿದ ತಲೆ. ಕೆಂಪು ಮುಖ, ಚೂಪು ಕೊಕ್ಕು, ಸಾಸಿವೆಯಷ್ಟು ಕಣ್ಣು. ಚೆನ್ನಾಗಿ ಬಂತು. ಇನ್ನೊಂದು ಹಾಳೆಯಲ್ಲಿ ಆಚೆಗೆ ತಿರುಗಿದ ತಲೆ ಬರೆದೆ. ಅದೂ ಅಷ್ಟೇ ಚೆನ್ನಾಗಿ ಕೂತಿತು. ಕತ್ತಿನ ಉಳಿದ ಗೆರೆ ಎರಡಕ್ಕೂ ಹೊಂದುತ್ತಿತ್ತು. ಮೊದಲನೆಯ ಹಾಳೆ ಹಾಸಿದಾಗ ನನ್ನ ಎದೆ ಹಗುರಾಗುತ್ತಿತ್ತು. ಸಿಸ್ಟರಿಗೆ ಫೋಟೊ ಕಳಿಸಿದರೆ ಅಲ್ಲಿಯೂ ಹಾಗೇ ಆಗುತ್ತದೆಂದು ಗೊತ್ತಿತ್ತು.

ಆ ಸಂಜೆ ಹೆಂಡತಿಯ ಫೋನ್ ಬಂತು. ದನಿ ಸೊರಗಿತ್ತು. ಊಟ ಆಯಿತಾ ಎಂದು ಕೇಳಿದೆ. ಟೋಸ್ಟ್ ತಿಂದೆ ಅಂದಳು.

"ಇವತ್ತು ಒಬ್ಬರ ಮಗಳಿಗೆ ಫೋನ್ ಮಾಡ್ಬೇಕಿತ್ತು. ಅವರಪ್ಪ ಹೋದ್ರು. ಅವಳು ಕೂಗಾಡ್ಲಿಲ್ಲ ಕಣೋ. 'ಅಪ್ಪ ಗ್ರ್ಯಾಂಡ್ ಆಗ್ತಾರೆ, ಹುಷಾರಾಗ್ತಾರೆ ಅಂತ ನಿನ್ನೆ ಡಾಕ್ಟರ್ ಹೇಳಿದ್ರಲ್ಲ' ಅಂತ ಅದನ್ನೇ ಹೇಳ್ತಿದ್ಲು. ನಮ್ಮ ಜೂನಿಯರ್ ಹುಡುಗಿ ಹೇಳಿದ್ದು. ಪಾಪ, ಸಮಾಧಾನಕ್ಕೆ ಹೇಳಿದಾಳೆ."

"ನೀನಾಗಿದ್ರೆ ಏನ್ ಹೇಳ್ತಿದ್ದೆ?"

"ಗೊತ್ತಿಲ್ಲ ಅಂತಿದ್ದೆ. ದಿನಾ ಅದನ್ನೇ ಹೇಳ್ತೀನಿ. ಹೇಳಿ ಹೇಳಿ ಸಾಕಾಗಿದೆ." ಆಮೇಲೆ, "ನಿನ್ನ ಹಕ್ಕಿ ಏನಾಯ್ತು?" ಎಂದಳು.

ತಲೆ ಸುಟ್ಟುಹೋಗಿರುವುದನ್ನು ಹೇಳಿದೆ. ಬರೆಯಬಹುದು ಎಂಬುದನ್ನೂ ಹೇಳಿದೆ. ಅಷ್ಟರಲ್ಲಿ ಅವಳು ಫೋನ್ ಕಿವಿಗಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ಅವಳ ಉಸಿರು ಕೇಳುತ್ತಾ ಕೊಂಚ ಹೊತ್ತು ಕೂತಿದ್ದು, ಆಮೇಲೆ ಇಟ್ಟೆ.

ಬೆಳಗ್ಗೆ ಎರಡೂ ಹಾಳೆಗಳನ್ನು ಒರೆಸಿ ಹಾಕಿದೆ. ಉಳಿದ ಸೇಬನ್ನು ತೆಗೆದೆ. ಸುಟ್ಟ ಅಂಚುಗಳನ್ನು ಅಂಟಿನಿಂದ ಗಟ್ಟಿ ಮಾಡಿ, ಗುಂಡಿಗೆ ಸೀಮೆಸುಣ್ಣ ಮತ್ತು ಜೆಲಟಿನ್ ಕಲಸಿ ತುಂಬಿ, ಒಣಗಿದ ಮೇಲೆ ಸುತ್ತಲಿನ ಮಟ್ಟಕ್ಕೆ ಉಜ್ಜಿದೆ. ಆ ಜಾಗಕ್ಕೆ ಕೊಕ್ಕು, ಕಣ್ಣು ಏನನ್ನೂ ಬರೆಯಲಿಲ್ಲ. ಮಗುವಿನ ಮುಷ್ಟಿಯ ನೆರಳು ಯಾವ ಬಣ್ಣವೋ ಅದೇ ಬಣ್ಣವನ್ನು ಸಣ್ಣ ಸಣ್ಣ ಗೆರೆಗಳಲ್ಲಿ ತೆಳ್ಳಗೆ ಎಳೆದೆ. ದೂರದಿಂದ ನೋಡಿದರೆ ಹಕ್ಕಿಯ ತಲೆ ಬೆರಳುಗಳ ನೆರಳಿನಲ್ಲಿ ಮರೆಯಾದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಅಲ್ಲಿ ಏನೂ ಉಳಿದಿಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಒಡತಿ ನೋಡಿ, "ನಾನಾಗಿದ್ದರೆ ಬರೀತಿದ್ದೆ. ಆದರೆ ಇದೂ ಸರಿ," ಎಂದರು.

ಸಿಸ್ಟರಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ.

"ಒಂದು ಕಣ್ಣು ಇಡ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದರು. ಸಿಟ್ಟಿತ್ತು. "ಅಷ್ಟು ಕಲಿತಿದ್ದೀರಿ."

"ಬರೆಯೋಕೆ ಬರುತ್ತೆ ಸಿಸ್ಟರ್. ಆದ್ರೆ ಅದು ನಾನು ನೋಡಿಸಿದ ಹಾಗಾಗುತ್ತೆ. ಹಕ್ಕಿ ನೋಡಿದ ಹಾಗಲ್ಲ."

"ಅವರಿಗೆ ಎಂತ ಹೇಳುದು ನಾನು? ದಿನಾ ಕೇಳ್ತಾರೆ."

ಅವರು ಫೋನ್ ಇಟ್ಟರು. ಮತ್ತೆ ಕೆಲವು ದಿನ ಅವರಿಂದ ಸುದ್ದಿ ಬರಲಿಲ್ಲ. ಚಿತ್ರಕ್ಕೆ ಹೊಸ ವಾರ್ನಿಶ್ ಕೊಟ್ಟು, ಹವೆಯ ಏರಿಳಿತ ತಾಗದಂತೆ ಹಿಂಬದಿ ಮುಚ್ಚಿದ, ಮುಂದೆ ಗಾಜಿನ ಪೆಟ್ಟಿಗೆಯೊಂದರಲ್ಲಿ ಕೂರಿಸಿ, ನಾನೇ ವ್ಯಾನಿನಲ್ಲಿ ಕಾನ್ವೆಂಟಿಗೆ ಹೊರಟೆ. ದಾರಿಯಲ್ಲಿ ಲಾಕ್‌ಡೌನ್ ಕಾವಲಿನ ಗಾರ್ಡಾ, ಅಂದರೆ ಇಲ್ಲಿನ ಪೊಲೀಸ್, ತಡೆದು ಎಲ್ಲಿಗೆಂದು ಕೇಳಿದ. ದೇವಮಾತೆಯ ಚಿತ್ರ ಎಂದು ತೋರಿಸಿದೆ. ಬಗ್ಗಿ ನೋಡಿ, ಟೊಪ್ಪಿ ಸರಿ ಮಾಡಿಕೊಂಡು, ಹೋಗು ಎಂದು ಕೈ ಬೀಸಿದ.

ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಏಪ್ರನ್, ಗವಸು, ಮುಖದ ಶೀಲ್ಡ್ ಎಲ್ಲ ತೊಡಿಸಿದರು. ಸಿಟ್ಟು ಇಳಿದಂತೆ ಕಂಡಿತು, ಅಥವಾ ಸಿಟ್ಟಾಗುವ ಶಕ್ತಿಯೇ ಉಳಿದಿರಲಿಲ್ಲವೋ. "ತಲೆಯ ವಿಷಯ ಅವರಿಗೆ ಹೇಳ್ಲಿಲ್ಲ. ನೀವೇ ಹೇಳಿ," ಎಂದಷ್ಟೇ ಅಂದರು.

ಹಾಡಿನ ಟೀಚರ್ ಆಗಿದ್ದ ಆ ಹಿರಿಯ ಸಿಸ್ಟರಿನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ. ದಿಂಬಿಗೆ ಒರಗಿ ಕೂತ ಒಂದು ಹಿಡಿಯಷ್ಟು ಹೆಂಗಸು. ನಾನು ಚಿತ್ರವನ್ನು ಮಂಚದ ಬುಡದಲ್ಲಿ ಎತ್ತಿ ಹಿಡಿದೆ. ಬಹಳ ಹೊತ್ತು ನೋಡಿದರು. ನನ್ನ ತೋಳು ನೋಯತೊಡಗಿತು.

"ಹಕ್ಕಿಯ ತಲೆ ಸುಟ್ಟುಹೋಗಿದೆ ಸಿಸ್ಟರ್," ಎಂದೆ. "ಅದು ಯಾವ ಕಡೆ ನೋಡುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ."

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆರಳೆತ್ತಿ ತಾಯಿಯ ಮುಖದ ಕಡೆ ತೋರಿಸಿದರು. ಪ್ರತಿ ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

"ಹುಡುಗಿಯಾಗಿ ಇಲ್ಲಿಗೆ ಬಂದಾಗಿನಿಂದ ಇವಳನ್ನು ನೋಡಿದ್ದೀನಿ. ಇವಳಿಗೆ ಏನಾಗಿದೆ ಅಂತ ಅರ್ಥವೇ ಆಗ್ತಿರಲಿಲ್ಲ. ಮಗು ಹಣ್ಣು ಹಿಡಿದಿದ್ದರೆ ಯಾವ ತಾಯಿ ಹಾಗೆ ನೋಡ್ತಾಳೆ?" ಮತ್ತೆ ಉಸಿರೆಳೆದುಕೊಂಡರು. "ಅವಳು ಆ ಹಕ್ಕಿಯನ್ನು ನೋಡ್ತಿದ್ದಳು. ಅಷ್ಟೂ ವರ್ಷ. ನಾವು ಅದನ್ನು ಮುಚ್ಚಿಟ್ಟಿದ್ವಿ."

ನಾನು ತಲೆ ಬಗ್ಗಿಸಿ, ಕೈಯಲ್ಲಿದ್ದ ಚಿತ್ರವನ್ನು ಮೇಲಿಂದ ನೋಡಿದೆ. ತಾಯಿಯ ರೆಪ್ಪೆಯ ಅಂಚನ್ನು ಮೈಕ್ರೋಸ್ಕೋಪಿನಲ್ಲಿ ಕೂದಲೆಳೆಯಷ್ಟು ಹತ್ತಿರದಿಂದ ನೋಡಿದ್ದೆ. ಅವಳ ಕಣ್ಣು ಎಲ್ಲಿಗೆ ಇಳಿದಿದೆ ಎಂದು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

"ಮುಂದೆ ಆಗುದು ಗೊತ್ತಿದ್ದೂ ಮಗುವನ್ನು ಹಿಡ್ಕೊಂಡಿದ್ದಾಳಲ್ಲ," ಎಂದು ಮಂಗಳೂರಿನ ಸಿಸ್ಟರ್ ಕನ್ನಡದಲ್ಲಿ, ತಮಗೇ ಎಂಬಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೇ ಹಾಕಿ. ಈ ಗೋಡೆಗೆ," ಎಂದರು.

ಎದುರಿನ ಗೋಡೆಯಲ್ಲಿ, ಮ್ಯೂಸಿಯಮ್ಮಿನಲ್ಲಿ ಹಾಕುವ ಹಾಗೆ ನಿಂತವರ ಕಣ್ಣಿನ ಮಟ್ಟಕ್ಕೆ ಗುರುತು ಮಾಡಿದೆ. ಸಿಸ್ಟರ್ ಬೇಡವೆಂದು ತಲೆಯಾಡಿಸಿದರು. "ಕೆಳಗೆ. ಇಲ್ಲಿ ನಿಲ್ಲುವವರು ಯಾರೂ ಇಲ್ಲ." ಇನ್ನೂ ಕೆಳಗೆ ಗುರುತು ಮಾಡಿದೆ. ಮಂಚದಿಂದ ಹಿರಿಯ ಸಿಸ್ಟರ್ ಕೈಯಾಡಿಸಿ ಇನ್ನೂ ಇಳಿಸಲು ಹೇಳಿದರು. ಕೊನೆಗೆ ನೆಲದ ಮೇಲೆ ಮಂಡಿಯೂರಿ ಡ್ರಿಲ್ ಮಾಡಬೇಕಾಯಿತು. ಸ್ಕ್ರೂ ಬಿಗಿದು, ಮಟ್ಟ ನೋಡಿ, ಗಾಜು ಒರೆಸಿದೆ. ಕೆಲಸ ಮುಗಿದಿತ್ತು. ನಾನು ಹಿಂದೆ ಸರಿದು ಅವರ ಮಂಚದ ಪಕ್ಕ ನೆಲದ ಮೇಲೇ ಕೂತೆ. ಸಿಸ್ಟರ್ ಬಂದು ಗೋಡೆಗೊರಗಿ ತಾವೂ ನೆಲದ ಮೇಲೆ ಕೂತರು. ಆಕ್ಸಿಜನ್ ಯಂತ್ರ ಸದ್ದು ಮಾಡುತ್ತಲೇ ಇತ್ತು. ಪಕ್ಕದ ಕೋಣೆಯ ಬೆಡ್ಡಿನ ಕರೆಗಂಟೆ ಹೊಡೆಯುವವರೆಗೆ ನಾವು ಮೂವರೂ ಹಾಗೇ ಕೂತಿದ್ದೆವು.